ಯುಸೇಬಿಯೊ ಕಾಲು ಯಾರ ಸ್ವತ್ತು?

ಫುಟ್ಬಾಲ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣದಲ್ಲಿ ಕಳೆದ ವಾರ ಪೋರ್ಚುಗಲ್‌ನ 1960ರ ದಶಕದ ಆಟಗಾರ ಯುಸೇಬಿಯೊ ಹೆಸರನ್ನು ಒಂದೇ ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಆ ಒಂದು ಸಾಲಿಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇನೆ.

ಯುಸೇಬಿಯೊ ಹುಟ್ಟಿದ್ದು ಆಫ್ರಿಕಾದಲ್ಲಿ ಎಂದು ಓದಿದೆ. ಹಾಗಿದ್ದರೆ ಪೋರ್ಚುಗಲ್ ಪರ ಆಡಿದ್ದು ಹೇಗೆ? ಪೌರತ್ವ ಬದಲಿಸಿಕೊಂಡರೇ? — ಓದುಗರೊಬ್ಬರು, ಕಾರವಾರ

ಬದಲಿಸಿಕೊಳ್ಳುವುದಕ್ಕೆ ಬೇರೆ ದೇಶವೇ ಇರಲಿಲ್ಲ. 1942ರ ಜನವರಿ 25ರಂದು ಅವರು ಹುಟ್ಟಿದ ಲೊರೆನ್ಸೊ ಮಾರ್ಕೆಸ್, ಅಂದರೆ ಇಂದಿನ ಮಪುಟೊ, ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಮೊಜಾಂಬಿಕ್‌ನ ರಾಜಧಾನಿ. ಕಾರವಾರದವರಾದ ನಿಮಗೆ ಇದು ಹೊಸದೇನಲ್ಲ. ಕಾಳಿ ನದಿ ದಾಟಿ ಉತ್ತರಕ್ಕೆ ಹೊರಟರೆ ಸಿಗುವ ಗೋವಾ ಕೂಡ 1951ರಿಂದ ಲಿಸ್ಬನ್ ಸರ್ಕಾರದ ಕಾಗದಪತ್ರಗಳಲ್ಲಿ ಮೊಜಾಂಬಿಕ್‌ನಂತೆಯೇ ಪೋರ್ಚುಗಲ್‌ನ ಒಂದು ಪ್ರಾಂತ್ಯ. ಯುಸೇಬಿಯೊ ಪೋರ್ಚುಗಲ್ ಪರ ಮೊದಲ ಪಂದ್ಯ ಆಡಿದ್ದು 1961ರ ಅಕ್ಟೋಬರ್ 8ರಂದು, ಲಕ್ಸೆಂಬರ್ಗ್ ವಿರುದ್ಧ. ಗೋವಾ ವಿಮೋಚನೆಯಾದದ್ದು ಅದೇ ವರ್ಷದ ಡಿಸೆಂಬರ್ 19ರಂದು. ಮೊಜಾಂಬಿಕ್ ಸ್ವತಂತ್ರವಾಗಲು 1975ರ ಜೂನ್ 25ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಯುಸೇಬಿಯೊ ರಾಷ್ಟ್ರೀಯ ತಂಡಕ್ಕೆ ಆಡುವುದನ್ನೇ ನಿಲ್ಲಿಸಿಯಾಗಿತ್ತು.

ಪ್ರಾಂತ್ಯ ಎಂದು ಕರೆದ ಮಾತ್ರಕ್ಕೆ ಅಲ್ಲಿನವರೆಲ್ಲ ಸಮಾನ ಪ್ರಜೆಗಳಾಗಿರಲಿಲ್ಲ. 1961ರವರೆಗೂ ಜಾರಿಯಲ್ಲಿದ್ದ ಕಾನೂನಿನ ಪ್ರಕಾರ ಮೊಜಾಂಬಿಕ್‌ನ ಬಹುಪಾಲು ಕಪ್ಪು ಜನ ಪೂರ್ಣ ನಾಗರಿಕರೇ ಅಲ್ಲ. ಪೋರ್ಚುಗೀಸ್ ಭಾಷೆ, ಉಡುಗೆ, ನಡೆನುಡಿಗಳ ಪರೀಕ್ಷೆಯಲ್ಲಿ ಗೆದ್ದು ತಾವು ‘ಯೋಗ್ಯರು’ ಎಂದು ತೋರಿಸಿಕೊಳ್ಳಬೇಕಿತ್ತು. ಯುಸೇಬಿಯೊ ಬೆಳೆದದ್ದು ಮಫಲಾಲ ಎಂಬ ಬಡವರ ಕೇರಿಯಲ್ಲಿ. ಅಂಗೋಲಾದಿಂದ ಬಂದು ರೈಲ್ವೆಯಲ್ಲಿ ದುಡಿಯುತ್ತಿದ್ದ ತಂದೆ ಧನುರ್ವಾಯುವಿನಿಂದ ತೀರಿಕೊಂಡಾಗ ಹುಡುಗನಿಗೆ ಎಂಟು ವರ್ಷ. ಕಾಲ್ಚೀಲದೊಳಗೆ ಹಳೆಯ ಪತ್ರಿಕೆ ತುರುಕಿ ಮಾಡಿದ ಚೆಂಡು, ಬರಿಗಾಲು, ತಾಯಿ ಎಲಿಸಾಳ ಬೈಗುಳ: ಇಷ್ಟೇ ಅವರ ತರಬೇತಿ ಶಿಬಿರ. ಆದರೆ ಆ ನೆಲದ ಹುಡುಗರು ಚೆಂಡು ಒದೆಯಬಲ್ಲರು ಎಂದಾಗ ಲಿಸ್ಬನ್‌ಗೆ ಅವರು ಏಕಾಏಕಿ ಅಪ್ಪಟ ಪೋರ್ಚುಗೀಸರಾಗಿ ಕಂಡರು. ಲಿಸ್ಬನ್‌ನ ಬೆನ್ಫಿಕಾ ಕ್ಲಬ್ 1970ರ ದಶಕದ ಕೊನೆಯವರೆಗೂ ವಿದೇಶಿ ಆಟಗಾರರನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಅದನ್ನೊಂದು ಹೆಮ್ಮೆ ಎಂದೂ ಹೇಳಿಕೊಳ್ಳುತ್ತಿತ್ತು. ಮೊಜಾಂಬಿಕ್, ಅಂಗೋಲಾದ ಆಟಗಾರರು ಆ ಲೆಕ್ಕದಲ್ಲಿ ವಿದೇಶಿಯರಲ್ಲ.

ಬೆನ್ಫಿಕಾದವರು ಅವರನ್ನು ಹುಡುಗಿಯ ಹೆಸರಿನಲ್ಲಿ ಅಪಹರಿಸಿ ಕರೆತಂದರಂತೆ. ನಿಜವೇ? — ವಿದ್ಯಾರ್ಥಿನಿ, ದಾವಣಗೆರೆ

ಹುಡುಗಿಯ ಹೆಸರು ನಿಜ. ಅಪಹರಣ ಸುಳ್ಳು.

ಯುಸೇಬಿಯೊ ಆಡುತ್ತಿದ್ದುದು ಲೊರೆನ್ಸೊ ಮಾರ್ಕೆಸ್‌ನ ಸ್ಪೋರ್ಟಿಂಗ್ ಕ್ಲಬ್‌ನಲ್ಲಿ. ಅದು ಬೆನ್ಫಿಕಾದ ಬದ್ಧ ಎದುರಾಳಿ, ಲಿಸ್ಬನ್‌ನ ಸ್ಪೋರ್ಟಿಂಗ್‌ನ ಶಾಖೆ. ಹುಡುಗ ಮೊದಲು ಬಾಗಿಲು ತಟ್ಟಿದ್ದು ಬೆನ್ಫಿಕಾ ನಂಟಿನ ಸ್ಥಳೀಯ ಕ್ಲಬ್ಬನ್ನೇ. ಅವರು ಬೇಡವೆಂದು ಕಳಿಸಿದ್ದರಿಂದ ಸ್ಪೋರ್ಟಿಂಗ್ ಸೇರಿದ್ದು. ಮೊಜಾಂಬಿಕ್‌ನಲ್ಲಿ ಆಟ ನೋಡಿ ಬೆರಗಾದ ಬ್ರೆಜಿಲ್‌ನ ಬವೆರ್ ಎಂಬ ಮಾಜಿ ಆಟಗಾರ, ಲಿಸ್ಬನ್‌ನ ಕ್ಷೌರದಂಗಡಿಯಲ್ಲಿ ಸಿಕ್ಕ ಬೆನ್ಫಿಕಾ ತರಬೇತುದಾರ ಬೇಲಾ ಗುಟ್‌ಮನ್ ಕಿವಿಯಲ್ಲಿ ಈ ಸುದ್ದಿ ಹಾಕಿದ ಕಥೆ ಪ್ರಸಿದ್ಧ. ಸ್ಪೋರ್ಟಿಂಗ್‌ನವರು ಹುಡುಗನನ್ನು ದುಡ್ಡಿಲ್ಲದೆ, ಕಿರಿಯರ ತಂಡಕ್ಕೆ ಪರೀಕ್ಷಾರ್ಥವಾಗಿ ಕರೆದರು. ಬೆನ್ಫಿಕಾದವರು ನೇರವಾಗಿ ತಾಯಿ ಮತ್ತು ಅಣ್ಣನ ಬಳಿ ಹೋಗಿ ಹಣದ ಮಾತಾಡಿದರು. ಅಣ್ಣ ಎರಡರಷ್ಟು ಕೇಳಿದ, ಅವರು ಒಪ್ಪಿದರು, ತಾಯಿ ಒಪ್ಪಂದಕ್ಕೆ ಸಹಿ ಮಾಡಿದಳು. ಯುಸೇಬಿಯೊ ಅವರೇ ಮುಂದೆ ಹೇಳಿದ ಲೆಕ್ಕ ಇದು. ನನಗೇನೋ ಈ ಇಡೀ ಪ್ರಕರಣದಲ್ಲಿ ಎಲ್ಲರಿಗಿಂತ ಜಾಣನಾಗಿ ಕಾಣುವವನು ಆ ಅಣ್ಣ.

1960ರ ಡಿಸೆಂಬರ್‌ನಲ್ಲಿ ಲಿಸ್ಬನ್‌ಗೆ ಬಂದ ಹುಡುಗನನ್ನು ಸ್ಪೋರ್ಟಿಂಗ್‌ನವರ ಕಣ್ಣು ತಪ್ಪಿಸಲು ದಕ್ಷಿಣದ ಅಲ್ಗಾರ್ವ್ ಕರಾವಳಿಯ ಹೋಟೆಲೊಂದಕ್ಕೆ ಸಾಗಿಸಲಾಯಿತು. ಗುಪ್ತ ಸಂದೇಶಗಳಲ್ಲಿ ಅವರ ಹೆಸರು ‘ರೂತ್ ಮಲೊಸ್ಸೊ’. ಎರಡು ಕ್ಲಬ್‌ಗಳ ಜಗಳ ತೀರಿ ನೋಂದಣಿ ಆಗುವಷ್ಟರಲ್ಲಿ ಮರುವರ್ಷದ ಮೇ ತಿಂಗಳು. ಅಲ್ಲಿಯವರೆಗೆ ಆಡುವಂತಿಲ್ಲ, ಊರಿಗೆ ಮರಳುವಂತೆಯೂ ಇಲ್ಲ.

ಜೂನ್‌ನಲ್ಲಿ ಪ್ಯಾರಿಸ್‌ನ ಪಂದ್ಯಾವಳಿಯ ಫೈನಲ್. ಎದುರಿಗೆ ಪೆಲೆ ಇದ್ದ ಸ್ಯಾಂಟೋಸ್. ಬೆನ್ಫಿಕಾ ದಿಕ್ಕೆಟ್ಟು ಸೋಲುತ್ತಿದ್ದಾಗ ಬದಲಿಯಾಗಿ ಇಳಿದ ಈ ಹತ್ತೊಂಬತ್ತರ ಹುಡುಗ ಮೂರು ಗೋಲು ಹೊಡೆದ. ಪಂದ್ಯ 6–3ರಿಂದ ಸ್ಯಾಂಟೋಸ್ ಪಾಲಾಯಿತು, ಮಾತೆಲ್ಲ ಸೋತವರ ಕಡೆಯ ಹುಡುಗನದೇ ಆಯಿತು.

ಇಷ್ಟು ದೊಡ್ಡ ಆಟಗಾರ ಇಟಲಿಗೋ ಸ್ಪೇನ್‌ಗೋ ಏಕೆ ಹೋಗಲಿಲ್ಲ? ದುಡ್ಡಿನ ಆಸೆ ಇರಲಿಲ್ಲವೇ? — ಓದುಗರು, ಹುಬ್ಬಳ್ಳಿ

ಆಸೆ ಇತ್ತು, ಕರೆಯೂ ಬಂದಿತ್ತು. ಬಿಡುವವರು ಇರಲಿಲ್ಲ.

ಇವತ್ತು ಲಿಸ್ಬನ್ ಕ್ಲಬ್‌ಗಳ ಕಸುಬೇ ಹುಡುಗರನ್ನು ಬೆಳೆಸಿ ಶ್ರೀಮಂತ ಲೀಗ್‌ಗಳಿಗೆ ಮಾರುವುದು. ಆಗ ಆಟಗಾರನ ಕೊರಳಪಟ್ಟಿ ಕ್ಲಬ್ಬಿನ ಕೈಯಲ್ಲಿತ್ತು. ಯುಸೇಬಿಯೊ ವಿಷಯದಲ್ಲಿ ಕ್ಲಬ್ಬಿಗಿಂತ ಮೇಲಿನವರೂ ಹಿಡಿದುಕೊಂಡಿದ್ದರು. 1962ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಪುಷ್ಕಾಶ್ ಮೊದಲಾರ್ಧದಲ್ಲೇ ಮೂರು ಗೋಲು ಹೊಡೆದಿದ್ದ ರಿಯಲ್ ಮ್ಯಾಡ್ರಿಡ್ ತಂಡವನ್ನು ಬೆನ್ಫಿಕಾ 5–3ರಿಂದ ಮಣಿಸಿತು. ಕೊನೆಯ ಎರಡು ಗೋಲು ಯುಸೇಬಿಯೊ ಅವರದು. ಅಲ್ಲಿಂದ ಇಟಲಿಯ ಶ್ರೀಮಂತ ಕ್ಲಬ್‌ಗಳು ಅವರ ಹಿಂದೆ ಬಿದ್ದವು. ಪೋರ್ಚುಗಲ್‌ನ ಸರ್ವಾಧಿಕಾರಿ ಸಾಲಜಾರ್ ಒಪ್ಪಲಿಲ್ಲ. ಯುಸೇಬಿಯೊ ರಾಷ್ಟ್ರದ ಸಂಪತ್ತು, ಹೊರಗೆ ಕಳಿಸುವಂತಿಲ್ಲ ಎಂಬ ವಾದ. ತಮ್ಮನ್ನು ತಡೆದವರು ಸಾಲಜಾರ್ ಎಂದು ಯುಸೇಬಿಯೊ ಇಳಿವಯಸ್ಸಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಅದರ ಹಿಂದಿನ ರಾಜಕೀಯ ನೋಡಿ. 1964ರ ಸೆಪ್ಟೆಂಬರ್‌ನಲ್ಲಿ ಮೊಜಾಂಬಿಕ್‌ನಲ್ಲಿ ವಿಮೋಚನೆಯ ಸಶಸ್ತ್ರ ಹೋರಾಟ ಆರಂಭವಾಯಿತು. ಮರುವರ್ಷವೇ ಯುಸೇಬಿಯೊ ಆಗ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿಓರ್ ಪಡೆದರು. 1966ರ ವಿಶ್ವಕಪ್‌ನಲ್ಲಿ ಆಡಿದ ಪೋರ್ಚುಗಲ್ ತಂಡದ ನಾಯಕ ಮಾರಿಯೊ ಕೊಲೂನಾ, ಡಿಫೆಂಡರ್‌ಗಳಾದ ಹಿಲಾರಿಯೊ ಮತ್ತು ವಿಸೆಂತೆ, ಜೊತೆಗೆ ಯುಸೇಬಿಯೊ ನಾಲ್ವರೂ ಮೊಜಾಂಬಿಕ್‌ನಲ್ಲಿ ಹುಟ್ಟಿದವರು. ‘ನಮ್ಮಲ್ಲಿ ಕರಿಯ ಬಿಳಿಯ ಭೇದವಿಲ್ಲ’ ಎಂದು ಜಗತ್ತಿಗೆ ತೋರಿಸಲು ಆಳುವವರಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೇ? ಅದೇ ಹೊತ್ತಿಗೆ ಮೊಜಾಂಬಿಕ್‌ನ ಉತ್ತರದ ಕಾಡುಗಳಲ್ಲಿ ಅದೇ ದೇಶದ ಸೈನ್ಯ ಗುಂಡು ಹಾರಿಸುತ್ತಿತ್ತು.

ವಿಶ್ವಕಪ್ ಮುಗಿದ ಮೇಲೆ ಇಂಟರ್ ಮಿಲಾನ್ ಮತ್ತೆ ಪ್ರಯತ್ನಿಸಿತು. ಆದರೆ ಅದೇ ಕೂಟದಲ್ಲಿ ಉತ್ತರ ಕೊರಿಯಾ ಎದುರು ಸೋತು ಮಾನ ಕಳೆದುಕೊಂಡಿದ್ದ ಇಟಲಿ, ಇನ್ನು ಹೊರದೇಶದ ಆಟಗಾರರೇ ಬೇಡ ಎಂದು ಬಾಗಿಲು ಹಾಕಿತು. ಆ ಬಾಗಿಲು ತೆರೆದದ್ದು 1980ರಲ್ಲಿ. ಇಟಲಿಯನ್ನು ಮನೆಗೆ ಕಳಿಸಿದ ಆ ಕೊರಿಯಾ ತಂಡವನ್ನು ಮುಂದಿನ ಪಂದ್ಯದಲ್ಲೇ ಮನೆಗೆ ಕಳಿಸಿದವರು ಯುಸೇಬಿಯೊ. ವಿಧಿಗೆ ಹಾಸ್ಯಪ್ರಜ್ಞೆ ಸ್ವಲ್ಪ ಜಾಸ್ತಿಯೇ.

ರೊನಾಲ್ಡೊ ದೊಡ್ಡವರೋ ಯುಸೇಬಿಯೊ ದೊಡ್ಡವರೋ? — ಹಲವರು

ಬೆನ್ಫಿಕಾ ಪರ 440 ಅಧಿಕೃತ ಪಂದ್ಯಗಳಲ್ಲಿ 473 ಗೋಲು, ಪೋರ್ಚುಗಲ್ ಪರ 64 ಪಂದ್ಯಗಳಲ್ಲಿ 41. ಆ 41ರ ದಾಖಲೆಯನ್ನು 2005ರಲ್ಲಿ ಪೌಲೇಟಾ ಮುರಿದರು, ಪೌಲೇಟಾರನ್ನು ರೊನಾಲ್ಡೊ ದಾಟಿ ಬಹಳ ದೂರ ಹೋದರು. ಇದಕ್ಕಿಂತ ಹೆಚ್ಚಿನ ತೀರ್ಪು ಬೇಕಿದ್ದರೆ ಚಹಾದಂಗಡಿಗಳಿವೆ.

‘ಬೆನ್ಫಿಕಾ ನೂರು ವರ್ಷ ಯುರೋಪಿನ ಕಪ್ ಗೆಲ್ಲದಿರಲಿ’ ಎಂದು ಗುಟ್‌ಮನ್ ಶಾಪ ಹಾಕಿದರಂತೆ. ನೀವು ನಂಬುತ್ತೀರಾ? — ನಿವೃತ್ತ ಶಿಕ್ಷಕರು, ಸಾಗರ

ನಂಬುವುದಿಲ್ಲ ಸರ್. 1962ರ ಗೆಲುವಿನ ನಂತರ ಗುಟ್‌ಮನ್ ಸಂಬಳ ಹೆಚ್ಚಿಸಲು ಕೇಳಿದರು, ಕ್ಲಬ್ ಒಪ್ಪಲಿಲ್ಲ, ಅವರು ಹೊರಟರು. ಶಾಪ ಹಾಕಿದವರು ಮತ್ತೆ ಅದೇ ಮನೆಗೆ ಕೆಲಸಕ್ಕೆ ಬರುತ್ತಾರೆಯೇ? 1965ರಲ್ಲಿ ಅವರು ಅದೇ ಬೆನ್ಫಿಕಾಗೆ ತರಬೇತುದಾರರಾಗಿ ಮರಳಿದರು!

ಸೋಲುಗಳಿಗೆ ಲೌಕಿಕ ಕಾರಣಗಳೇ ಸಾಕಷ್ಟಿವೆ. 1963ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಯುಸೇಬಿಯೊ ಗೋಲಿನಿಂದ ಬೆನ್ಫಿಕಾ ಮುಂದಿತ್ತು. ಕೊಲೂನಾ ಪೆಟ್ಟು ತಿಂದು ಕುಂಟತೊಡಗಿದರು, ಆ ಕೂಟದಲ್ಲಿ ಬದಲಿ ಆಟಗಾರರನ್ನು ಇಳಿಸುವ ನಿಯಮ ಆಗ ಇರಲಿಲ್ಲ, ಮಿಲಾನ್ 2–1ರಿಂದ ಗೆದ್ದಿತು. 1965ರ ಫೈನಲ್ ನಡೆದದ್ದು ಎದುರಾಳಿ ಇಂಟರ್‌ನ ಸ್ವಂತ ಮೈದಾನದಲ್ಲಿ. ಬೆನ್ಫಿಕಾ ಗೋಲ್‌ಕೀಪರ್ ಗಾಯಗೊಂಡು, ಡಿಫೆಂಡರ್ ಜೆರ್ಮಾನೊ ಗೋಲು ಕಾಯಬೇಕಾಯಿತು. 1968ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1–1 ಇದ್ದಾಗ, ಕೊನೆಯ ನಿಮಿಷಗಳಲ್ಲಿ ಯುಸೇಬಿಯೊ ಒದ್ದ ಚೆಂಡನ್ನು ಅಲೆಕ್ಸ್ ಸ್ಟೆಪ್ನಿ ಎದೆಗವುಚಿಕೊಂಡರು. ಯುಸೇಬಿಯೊ ತಲೆ ಚಚ್ಚಿಕೊಳ್ಳಲಿಲ್ಲ, ನಿಂತು ಗೋಲ್‌ಕೀಪರ್‌ಗೆ ಚಪ್ಪಾಳೆ ತಟ್ಟಿದರು. ಹೆಚ್ಚುವರಿ ಸಮಯದಲ್ಲಿ ಬೆನ್ಫಿಕಾ ಮೂರು ಗೋಲು ಬಿಟ್ಟುಕೊಟ್ಟಿತು.

ಯುಸೇಬಿಯೊ ಮಾತ್ರ ನನ್ನಷ್ಟು ನಾಸ್ತಿಕರಲ್ಲ. 1990ರ ಫೈನಲ್ ಗುಟ್‌ಮನ್ ಸಮಾಧಿ ಇರುವ ವಿಯೆನ್ನಾದಲ್ಲಿ ನಡೆದಾಗ ಅವರು ಅಲ್ಲಿಗೆ ಹೋಗಿ ಪ್ರಾರ್ಥಿಸಿ ಬಂದರು. ಬೆನ್ಫಿಕಾ ಆಗಲೂ ಸೋತಿತು.

ಬೆನ್ಫಿಕಾ ಬಿಟ್ಟ ಮೇಲೆ ಅವರ ಬದುಕು ಏನಾಯಿತು? — ಕನ್ನಡಿಗ ಓದುಗರು, ಪಣಜಿ

ಬಿಡುಗಡೆ ಸಿಕ್ಕಾಗ ಕಾಲು ಮುಗಿದಿತ್ತು. ಹದಿನೈದು ಋತುಗಳಲ್ಲಿ 11 ಲೀಗ್ ಪ್ರಶಸ್ತಿ ಗೆದ್ದುಕೊಟ್ಟ ಮೇಲೆ 1975ರಲ್ಲಿ ಅವರು ಹೊರಟದ್ದು ಅಮೆರಿಕದ ಬೋಸ್ಟನ್‌ಗೆ. ಡಿಫೆಂಡರ್‌ಗಳ ಒದೆತಕ್ಕೆ ಸಿಕ್ಕ ಎಡ ಮೊಣಕಾಲು ಹಲವು ಶಸ್ತ್ರಚಿಕಿತ್ಸೆ ಕಂಡಿತ್ತು. ಮೆಕ್ಸಿಕೊದ ಮಾಂಟೆರ್ರೆ, ಕೆನಡಾದ ಟೊರಾಂಟೊ, ಲಾಸ್ ವೇಗಸ್, ನಡುವೆ ಪೋರ್ಚುಗಲ್‌ನ ಸಣ್ಣ ಕ್ಲಬ್‌ಗಳಾದ ಬೆಯ್ರಾ ಮಾರ್ ಮತ್ತು ಉನಿಯಾಂವ್ ದೆ ತೊಮಾರ್. 1976ರಲ್ಲಿ ಟೊರಾಂಟೊ ತಂಡ ಉತ್ತರ ಅಮೆರಿಕದ ಲೀಗ್ ಗೆದ್ದಾಗ ಫೈನಲ್‌ನಲ್ಲಿ ಅವರ ಗೋಲೂ ಇತ್ತು. ಉಳಿದದ್ದು ಹೊಟ್ಟೆಪಾಡಿನ ತಿರುಗಾಟ. ದುಡಿಯುವ ವಯಸ್ಸಿನಲ್ಲಿ ಇಟಲಿಯಲ್ಲಿ ಗಳಿಸಬಹುದಾಗಿದ್ದನ್ನು ಮುರಿದ ಮೊಣಕಾಲಿನಿಂದ ಗಳಿಸಬೇಕಾಯಿತು. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೊಲೂನಾ ಸ್ವತಂತ್ರ ಮೊಜಾಂಬಿಕ್‌ಗೆ ಮರಳಿ ಅಲ್ಲಿನ ಫುಟ್ಬಾಲ್ ಒಕ್ಕೂಟದ ಅಧ್ಯಕ್ಷರಾದರು. ಹದಿಹರೆಯದ ಮಗನನ್ನು ನೋಡಿಕೊಳ್ಳಿ ಎಂದು ಯುಸೇಬಿಯೊ ತಾಯಿ ಪತ್ರ ಬರೆದಿದ್ದು ಇದೇ ಕೊಲೂನಾಗೆ. ಯುಸೇಬಿಯೊ ಲಿಸ್ಬನ್‌ನಲ್ಲೇ ಉಳಿದರು, ಬೆನ್ಫಿಕಾ ಮತ್ತು ರಾಷ್ಟ್ರೀಯ ತಂಡದ ರಾಯಭಾರಿಯಾಗಿ ಓಡಾಡಿದರು. 2014ರ ಜನವರಿ 5ರಂದು, 71ನೇ ವಯಸ್ಸಿನಲ್ಲಿ ಹೃದಯ ಕೈಕೊಟ್ಟಿತು. ಸರ್ಕಾರ ಮೂರು ದಿನ ಶೋಕಾಚರಣೆ ಘೋಷಿಸಿತು. 2015ರ ಜುಲೈನಲ್ಲಿ ಪಾರ್ಥಿವ ಶರೀರವನ್ನು ರಾಷ್ಟ್ರೀಯ ಸ್ಮಾರಕ ಭವನ ಪ್ಯಾಂಥಿಯನ್‌ಗೆ ಸ್ಥಳಾಂತರಿಸಲಾಯಿತು. ಅಲ್ಲಿ ಜಾಗ ಪಡೆದ ಮೊದಲ ಫುಟ್ಬಾಲ್ ಆಟಗಾರ ಅವರು. ಸತ್ತ ಮೇಲೂ ರಾಷ್ಟ್ರ ತನ್ನ ಸಂಪತ್ತನ್ನು ಬಿಟ್ಟುಕೊಡಲಿಲ್ಲ ಎನ್ನಬಹುದು. ಈ ಬಾರಿ ಜನರೂ ಅದನ್ನೇ ಬಯಸಿದ್ದರು.

ಅವರ ಆಟ ನೋಡಬೇಕು. ಯಾವ ಪಂದ್ಯದಿಂದ ಶುರು ಮಾಡಲಿ? — ಓದುಗರು, ಮೈಸೂರು

1966ರ ಜುಲೈ 23, ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್, ಉತ್ತರ ಕೊರಿಯಾ ವಿರುದ್ಧದ ಕ್ವಾರ್ಟರ್‌ಫೈನಲ್. ಗೋಲುಗಳ ತುಣುಕು ನೋಡಬೇಡಿ, ಇಡೀ ಪಂದ್ಯ ಹುಡುಕಿ. ಇಪ್ಪತ್ತೈದೇ ನಿಮಿಷಗಳಲ್ಲಿ ಕೊರಿಯಾ 3–0 ಮುಂದೆ. ಆಮೇಲಿನ ನಾಲ್ಕು ಗೋಲು ಯುಸೇಬಿಯೊ ಅವರವು, ಎರಡು ಪೆನಾಲ್ಟಿಯಿಂದ. ಐದನೆಯದು ಜೊಸೆ ಅಗುಸ್ತೊ ಅವರದು. ಮೊದಲ ಗೋಲಿನ ನಂತರ ಅವರು ಕುಣಿಯದೆ ಬಲೆಯಿಂದ ಚೆಂಡೆತ್ತಿಕೊಂಡು ಮೈದಾನದ ನಡುವಿಗೆ ಓಡುವುದನ್ನು ಗಮನಿಸಿ. ಎರಡನೆಯ ಪೆನಾಲ್ಟಿ ಸಿಕ್ಕಿದ್ದು ಎಡಬದಿಯಿಂದ ಅವರು ಶುರು ಮಾಡಿದ ಓಟಕ್ಕೆ. ಉರುಳಿಸಿದ ಮೇಲೆ ಎದ್ದು ತಾವೇ ಒದ್ದರು.

ಅದಾದ ಮೇಲೆ ಇಂಗ್ಲೆಂಡ್ ವಿರುದ್ಧದ ಸೆಮಿಫೈನಲ್. ಅಲ್ಲಿ ನಾಬಿ ಸ್ಟೈಲ್ಸ್ ಅವರನ್ನು ಹೇಗೆ ಕಟ್ಟಿಹಾಕಿದರೆಂದು ನೋಡಿದರೆ, ಒಂದು ಪೆನಾಲ್ಟಿ ಬಿಟ್ಟು ಬೇರೇನೂ ಯುಸೇಬಿಯೊಗೆ ದಕ್ಕದ್ದು ಏಕೆಂದು ತಿಳಿಯುತ್ತದೆ. ಒಟ್ಟು ಒಂಬತ್ತು ಗೋಲು ಹೊಡೆದು ಕೂಟದಲ್ಲಿ ಅವರೇ ಮೊದಲಿಗರು, ಪೋರ್ಚುಗಲ್ ಮೂರನೆಯದು. ಎರಡೂ ಪಂದ್ಯ ಕಪ್ಪುಬಿಳುಪಿನವು, ಚಿತ್ರ ಮಸುಕು. ಮೊಬೈಲ್‌ನಲ್ಲಿ ನೋಡುವ ಬದಲು ಟಿ.ವಿ.ಗೆ ಹಾಕಿಕೊಳ್ಳಿ.