ಹಿಂದಿನ ಸೀಟು ಯಾರಿಗೆ?

ಮೊದಲು ಫೋನ್ ಮಾಡಿದ್ದು ಹೆಂಡತಿ. "ನಮ್ಮನೆಯವರು ಎರಡೂವರೆ ಕೋಟಿಯ ಓಪನ್ ಟಾಪ್ ಕಾರು ತಗೊಳ್ತೀನಿ ಅಂತ ಹಟ ಹಿಡಿದು ಕೂತಿದ್ದಾರೆ ಮೇಡಂ, ಸ್ವಲ್ಪ ಬುದ್ಧಿ ಹೇಳ್ತೀರಾ?" ಎಂದು ಕೇಳಿದರು. ನಾನು ದಂಪತಿಗಳ ಆಪ್ತಸಮಾಲೋಚಕಿ, ಒಬ್ಬರ ಪರವಾಗಿ ಇನ್ನೊಬ್ಬರಿಗೆ ಬುದ್ಧಿ ಹೇಳುವ ಕೆಲಸ ಒಪ್ಪಿಕೊಳ್ಳುವುದಿಲ್ಲ, ಬರುವುದಾದರೆ ಇಬ್ಬರೂ ಬನ್ನಿ ಎಂದೆ. ಬಂದರು. ಪ್ರಕಾಶ್, ವೀಣಾ ಎಂಬ ಹೆಸರುಗಳು ನಾನಿಟ್ಟವು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಪ್ರಕಾಶ್‌ಗೆ 47, ವೀಣಾಗೆ 43. ದಕ್ಷಿಣ ಬೆಂಗಳೂರಿನಲ್ಲಿ ಫ್ಲ್ಯಾಟು. ಮಗಳು ಮೊದಲ ಪಿಯುಸಿ, ಮಗ ನಾಲ್ಕನೇ ಕ್ಲಾಸು. ಜೊತೆಗೆ ಮಂಡಿನೋವಿನ ತಾಯಿ, ಕೆಳಗೆ ಪಾರ್ಕಿಂಗಿನಲ್ಲಿ ಒಂದು ಇನ್ನೋವಾ. ಸಾಫ್ಟ್‌ವೇರ್ ಕಂಪನಿ ಕೊಟ್ಟಿದ್ದ ಷೇರುಗಳು ವರ್ಷಗಟ್ಟಲೆ ಕಾದ ಮೇಲೆ ದುಡ್ಡಾಗಿ ಕೈಗೆ ಬಂದಿದ್ದವು. ಸಾಲ ಮಾಡಿ ಶೋಕಿ ಮಾಡುವ ಪ್ರಕರಣ ಇದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮನೆಯಲ್ಲಿ ದುಡ್ಡಿತ್ತು, ಅದರ ಬಗ್ಗೆ ಮಾತಿರಲಿಲ್ಲ.

ಪ್ರಕಾಶ್ ಲ್ಯಾಪ್‌ಟಾಪನ್ನೇ ಹೊತ್ತು ತಂದಿದ್ದರು. ಎಕ್ಸೆಲ್ ಶೀಟಿನಲ್ಲಿ ನಾಲ್ಕು ಕಾರು: ಮರ್ಸಿಡಿಸ್-ಎಎಂಜಿ ಎಸ್‌ಎಲ್ 55, ಪೋರ್ಷೆ 911 ಕ್ಯಾಬ್ರಿಯೊಲೆ, ಮರ್ಸಿಡಿಸ್ ಸಿಎಲ್‌ಇ 300 ಕ್ಯಾಬ್ರಿಯೊಲೆ, ಬಿಎಂಡಬ್ಲ್ಯು ಝಡ್4. ನಾಲ್ಕಕ್ಕೂ ಬಟ್ಟೆಯ ಟಾಪ್, ಗುಂಡಿ ಒತ್ತಿದರೆ ಮಡಚಿಕೊಳ್ಳುತ್ತದೆ. ಝಡ್4ಗೆ 10 ಸೆಕೆಂಡು, 911ಕ್ಕೆ 12, ಎಸ್‌ಎಲ್‌ಗೆ 15, ಸಿಎಲ್‌ಇಗೆ 20. ಆ ಕಾಲಂ ಹಸಿರು ಬಣ್ಣದಲ್ಲಿತ್ತು. ಪಕ್ಕದಲ್ಲೇ 'ಫ್ಯಾಮಿಲಿ' ಅಂತ ಇನ್ನೊಂದು ಕಾಲಂ. ಎಸ್‌ಎಲ್ ಮತ್ತು 911ರ ಎದುರು '2+2, ಓಕೆ', ಅಂದರೆ ಮುಂದೆ ಎರಡು ಸೀಟು, ಹಿಂದೆ ಎರಡು ಪುಟ್ಟ ಸೀಟು. ಸಿಎಲ್‌ಇ ಎದುರು 'ನಾಲ್ಕು ಸೀಟು, ಸ್ವಲ್ಪ ಸಪ್ಪೆ'. ಝಡ್4ಗೆ ಎರಡೇ ಸೀಟು, ಹಾಗಾಗಿ ಆ ಸಾಲು ಪೂರ್ತಿ ಕೆಂಪು.

"ಮಕ್ಕಳು ಹಿಂದೆ ಕೂತ್ಕೋತಾರೆ. ನಾಲ್ಕೂ ಜನ ಸಕಲೇಶಪುರದ ಕಡೆ ಹೋಗಿಬರಬಹುದು. ಇದು ನನ್ನೊಬ್ಬನಿಗೆ ಅಲ್ಲ ಮೇಡಂ, ಎಲ್ಲರಿಗೋಸ್ಕರ," ಎಂದರು.

ವೀಣಾ ನಕ್ಕರು. "ಇದು ಮಿಡ್‌ಲೈಫ್ ಕ್ರೈಸಿಸ್ ಅಲ್ವಾ ಮೇಡಂ?"

'ನಡುವಯಸ್ಸಿನ ಬಿಕ್ಕಟ್ಟು' ಎಂಬ ಆ ಮಾತನ್ನು ನನ್ನ ಕೋಣೆಯಲ್ಲಿ ಬಳಸಬಾರದು ಎಂದೆ. 1965ರಲ್ಲಿ ಎಲಿಯಟ್ ಜಾಕ್ ಎಂಬ ಮನೋವಿಶ್ಲೇಷಕ ಅದನ್ನು ಚಾಲ್ತಿಗೆ ತಂದಾಗ ಅವನು ಬರೆದದ್ದು ಕಲಾವಿದರ ಬಗ್ಗೆ, ನಡುವಯಸ್ಸಿನಲ್ಲಿ ಸಾವಿನ ಅರಿವು ಅವರ ಕೆಲಸವನ್ನು ಹೇಗೆ ಬದಲಿಸುತ್ತದೆ ಎನ್ನುವುದರ ಬಗ್ಗೆ. ಈಗ ಅದು ಮನೆಮನೆಯಲ್ಲೂ ಗಂಡನ ಬಾಯಿ ಮುಚ್ಚಿಸುವ ಅಸ್ತ್ರ. ಒಬ್ಬ ಮನುಷ್ಯನಿಗೆ ಚಂದದ ಕಾರು ಬೇಕೆನಿಸಿದರೆ ಅದನ್ನು ರೋಗದ ಲಕ್ಷಣವೆಂದು ನಾನು ಬರೆದುಕೊಳ್ಳುವುದಿಲ್ಲ. ಅಲ್ಲದೆ ಟಾಪ್ ತೆಗೆದು ಓಡಾಡಲು ನಮ್ಮ ಊರು ತೀರಾ ಕೆಟ್ಟ ಜಾಗವೇನೂ ಅಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಡಿಸೆಂಬರಿನ ಬೆಳಿಗ್ಗೆ ಆರೂವರೆಗೆ ಇಲ್ಲಿ ಸಿಗುವ ಗಾಳಿ ಚೆನ್ನೈಯವರಿಗೆ ಸಿಗುವುದಿಲ್ಲ. ಒಂಬತ್ತು ಗಂಟೆಗೆ ಟಿಪ್ಪರ್ ಲಾರಿಯ ಹಿಂದೆ ಸಿಕ್ಕಿಕೊಂಡರೆ ಕಥೆ ಬೇರೆ.

ನನಗೆ ಕೊರೆದದ್ದು ಆ 'ಓಕೆ'. ಎಸ್‌ಎಲ್‌ನ ಹಿಂದಿನ ಸೀಟಿನ ಬಗ್ಗೆ ಕಂಪನಿಯವರು ಏನು ಹೇಳುತ್ತಾರೆ ಎಂದು ಕೇಳಿದೆ. ಪ್ರಕಾಶ್‌ಗೆ ಗೊತ್ತಿತ್ತು, ಮೆಲ್ಲಗೆ ಹೇಳಿದರು: ಒಂದೂವರೆ ಮೀಟರ್ ಎತ್ತರದವರೆಗಿನವರಿಗೆ. ವೀಣಾ ಮಾತಾಡದೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಅವರ ಮನೆಯ ಅಡುಗೆಮನೆ ಬಾಗಿಲಿನ ಚೌಕಟ್ಟು. ಪ್ರತಿ ಹುಟ್ಟುಹಬ್ಬಕ್ಕೆ ಮಕ್ಕಳನ್ನು ನಿಲ್ಲಿಸಿ ಪೆನ್ಸಿಲಿನಲ್ಲಿ ಎಳೆದ ಗೀಟುಗಳು, ಪಕ್ಕದಲ್ಲಿ ತಾರೀಖು. ಮಗನ ಕೊನೆಯ ಗೀಟು 138 ಸೆಂಟಿಮೀಟರ್. ಮಗಳದ್ದು ಅದಕ್ಕಿಂತ ಒಂದು ಗೇಣು ಮೇಲೆ, 161. ಮಕ್ಕಳು ಈ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತವೆ. ಎರಡು ಮೂರು ವರ್ಷ ಕಳೆದರೆ ಹುಡುಗನೂ ಆ ಸೀಟಿನ ಅಳತೆ ಮೀರುತ್ತಾನೆ, ಹುಡುಗಿ ಈಗಲೇ ಮೀರಿದ್ದಾಳೆ. ಅಂದರೆ 'ಎಲ್ಲರಿಗೋಸ್ಕರ' ಕೊಳ್ಳುವ ಕಾರಿನಲ್ಲಿ ಡೆಲಿವರಿಯ ದಿನವೇ ನಾಲ್ಕು ಜನ ಸರಿಯಾಗಿ ಕೂರುವ ಹಾಗಿರಲಿಲ್ಲ.

911ರದ್ದು ಇನ್ನೂ ತಮಾಷೆ. ಟಾಪ್ ತೆಗೆದಾಗ ಗಾಳಿ ಸುಳಿಯದಂತೆ ಅದರಲ್ಲಿ ಒಂದು ತಡೆ ಮೇಲೇಳುತ್ತದೆ. ಅದು ಹರಡಿಕೊಳ್ಳುವುದೇ ಹಿಂದಿನ ಸೀಟಿನ ಮೇಲೆ. ಮುಂದಿನವರಿಗೆ ಗಾಳಿಯ ಕಾಟ ತಪ್ಪಬೇಕಾದರೆ ಹಿಂದೆ ಯಾರೂ ಕೂರುವಂತಿಲ್ಲ. ಅಷ್ಟು ಪುಟ್ಟ ಸೀಟಾದರೂ ಕಾನೂನೇನು ಸಡಿಲವಿಲ್ಲ: 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇರಲೇಬೇಕು. "ಮಗನ ಕೆಳಗೆ ಎತ್ತರಿಸುವ ಬೂಸ್ಟರ್ ಸೀಟು ಇಟ್ಟು, ಟಾಪ್ ಮುಚ್ಚಿ, ತಲೆ ತಾಗುತ್ತಾ ಅಂತ ನೋಡಿದ್ದೀರಾ?" ಎಂದೆ. ನೋಡಿರಲಿಲ್ಲ. ಶೋರೂಮಿಗೆ ಅವರು ಯಾವಾಗಲೂ ಒಬ್ಬರೇ ಹೋಗುತ್ತಿದ್ದರು.

ಇದನ್ನೆಲ್ಲ ಪ್ರಕಾಶ್ ಅರಿಯದವರಲ್ಲ. ನಾಲ್ಕು ಕಾರಿನ ಡಿಕ್ಕಿ ಎಷ್ಟು ಲೀಟರ್ ಎಂದು ಬಾಯಿಪಾಠ ಹೇಳುವ ಮನುಷ್ಯನಿಗೆ ಹಿಂದಿನ ಸೀಟು ಕಾಣಿಸಲಿಲ್ಲ ಎಂದರೆ, ಕಾಣಬೇಡ ಎಂದು ತಾನೇ ತೀರ್ಮಾನಿಸಿದ್ದಾನೆ ಎಂದರ್ಥ. ಮುಂದಿನ ಭೇಟಿಗೆ ಅವರಿಗೊಂದು ಕೆಲಸ ಕೊಟ್ಟೆ: 'ನನಗೆ' ಎಂದು ಶುರುವಾಗುವ ವಾಕ್ಯಗಳನ್ನು ಬರೆದು ತನ್ನಿ. ಮಕ್ಕಳು, ಅಮ್ಮ, ಹೆಂಡತಿ, ಸಕಲೇಶಪುರ ಯಾವುದೂ ಅದರಲ್ಲಿ ಬರಬಾರದು.

ತಂದದ್ದು ಒಂದೇ ಸಾಲು: 'ನನಗೆ ಡ್ರೈವರ್ ಕೆಲಸ ಸಾಕಾಗಿದೆ.'

ಆಮೇಲೆ ಅವರು ನಿಲ್ಲಿಸದೆ ಮಾತಾಡಿದರು. "ಇಪ್ಪತ್ತು ವರ್ಷ ಆಯ್ತು ಮೇಡಂ, ಈ ಮನೆಗೆ ಡ್ರೈವರ್ ನಾನೇ. ಆಸ್ಪತ್ರೆಗೆ ನಾನು, ಟ್ಯೂಷನ್‌ಗೆ ನಾನು, ಧರ್ಮಸ್ಥಳಕ್ಕೆ ನಾನು. ಮುಂದೆ ಕೂತ ಅಮ್ಮಂಗೆ ಎಸಿ ಜಾಸ್ತಿ, ಹಿಂದೆ ಮಕ್ಕಳಿಗೆ ಕಮ್ಮಿ. ಹಾಡು ಮಗಳು ಹಾಕಿದ್ದು. ಮದುವೆಗೆ ಹೋದ್ರೆ ಛತ್ರದ ಬಾಗಿಲಲ್ಲಿ ಎಲ್ರನ್ನೂ ಇಳಿಸಿ, ಪಾರ್ಕಿಂಗ್ ಹುಡುಕಿ ನಾನು ಒಳಗೆ ಬರೋ ಹೊತ್ತಿಗೆ ಧಾರೆ ಆಗಿಹೋಗಿರುತ್ತೆ. ಅಕ್ಷತೆ ಹಾಕಿದ ಮದುವೆ ಒಂದೂ ನೆನಪಿಲ್ಲ ನಂಗೆ. ಗಾಡಿ ಓಡಿಸೋದು ಅಂದ್ರೆ ನಂಗೆ ಪ್ರಾಣ. ಆದ್ರೆ ನಂಗೋಸ್ಕರ ಒಂದಿನಾನೂ ಓಡಿಸಿಲ್ಲ."

ವೀಣಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಒಂದು ಸಲಾನಾದ್ರೂ ಬಾಯಿಬಿಟ್ಟು ಹೇಳಿದ್ರೇನ್ರೀ ನೀವು?" ಎಂದರು. ಕೋಪದಲ್ಲಿ ಹೇಳಿದ್ದಲ್ಲ, ಆದರೆ ಮೆತ್ತಗೂ ಇರಲಿಲ್ಲ.

ಅವರ ಸರದಿ ಬಂದಾಗ ನಿಜವಾದ ಗಂಟು ಸಿಕ್ಕಿತು. ಮಗ ಹುಟ್ಟಿದಾಗ ಬ್ಯಾಂಕಿನ ಕೆಲಸ ಬಿಟ್ಟವರು ಅವರು. ಷೇರಿನ ದುಡ್ಡು ಬಂದಾಗಿನಿಂದ ಮನೆಯಲ್ಲಿ ಅದಕ್ಕೆ 'ನನ್ನ ಇಎಸ್‌ಒಪಿ' (ನೌಕರನಾಗಿ ಸಿಕ್ಕ ಷೇರು) ಎಂದೇ ಹೆಸರು. "ಕಾರು ಬೇಡ ಅಂತ ನಾನು ಹೇಳ್ತಿಲ್ಲ ಮೇಡಂ. 'ಎಲ್ಲರಿಗೋಸ್ಕರ' ಅನ್ನೋದು ಬೇಡ. ಎಲ್ಲರಿಗೋಸ್ಕರ ಅಂದ್ಬಿಟ್ರೆ ನನ್ನ ಪಾಲಿಂದೂ ಅದ್ರಲ್ಲೇ ಖರ್ಚಾಯ್ತು ಅಂತ ಲೆಕ್ಕ. ನಾಳೆ ನಾನು ಏನಾದ್ರೂ ಕೇಳಿದ್ರೆ, ಮೊನ್ನೆ ತಾನೆ ಮನೆಗೆ ಅಂತ ಅಷ್ಟು ದೊಡ್ಡ ಕಾರು ತಂದ್ವಲ್ಲ ಅಂತಾರೆ."

ಇಷ್ಟು ಸ್ಪಷ್ಟವಾಗಿ ಲೆಕ್ಕ ಒಪ್ಪಿಸುವವರು ನನ್ನ ಕೋಣೆಗೆ ಬರುವುದು ಅಪರೂಪ. ಸ್ವಂತ ಆಸೆಯನ್ನು ಕುಟುಂಬದ ಹೆಸರಿನಲ್ಲಿ ಮುಂದಿಟ್ಟರೆ ಎದುರಿನವರಿಗೆ ಎರಡೇ ದಾರಿ: ಒಪ್ಪಿಕೊಂಡು ತನ್ನ ಪಾಲು ಕಳೆದುಕೊಳ್ಳುವುದು, ಇಲ್ಲವೇ ಬೇಡ ಎಂದು ಕೆಟ್ಟವಳಾಗುವುದು. ವೀಣಾ ಎರಡನೆಯದಕ್ಕೆ ಇಳಿದಿದ್ದರು. ಪ್ರಕಾಶ್ ಕೂಡ ಲಾಭದಲ್ಲಿರಲಿಲ್ಲ. ಆ ಎರಡು ಪುಟ್ಟ ಸೀಟುಗಳಿಗಾಗಿ, ಅಂದರೆ ತನ್ನ ಸಂಕೋಚ ಮುಚ್ಚಲಿಕ್ಕಾಗಿ, ಇನ್ನೊಂದು ಕೋಟಿಗೂ ಮೇಲೆ ಸುರಿಯಲು ತಯಾರಾಗಿದ್ದರು.

ಯಾವ ಕಾರು ಒಳ್ಳೆಯದು ಎಂದು ಹೇಳುವುದು ನನ್ನ ಕಸುಬಲ್ಲ. ಹಣದ ಹೂಡಿಕೆಯ ಮಾತಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿತ ಸಲಹೆಗಾರರೊಬ್ಬರನ್ನು ನೋಡಿ ಎಂದು ಕಳಿಸಿದೆ. ನಾನು ಕೊಟ್ಟ ಸಲಹೆ ಇಷ್ಟು.

ಮೊದಲು ಷೇರಿನ ದುಡ್ಡಿನಿಂದ ಪಾಲಿಗೆ ಬರದ ಬಾಬ್ತುಗಳನ್ನು ತೆಗೆದಿಡಿ: ತೆರಿಗೆ, ಮನೆಸಾಲದ ಬಾಕಿ, ಮಕ್ಕಳ ಓದು, ಅಮ್ಮನ ಮಂಡಿ ಆಪರೇಷನ್ನು ಮತ್ತು ಮುಂದಿನ ಆರೈಕೆ. ಉಳಿದದ್ದರಲ್ಲಿ ಒಂದು ಭಾಗವನ್ನು ಇಬ್ಬರ ಹೆಸರಿಗೂ ಸರಿಸಮ ಹಂಚಿ, ಬೇರೆ ಬೇರೆ ಖಾತೆಗೆ ಹಾಕಿ. ಸಂಪಾದಿಸಿದ್ದು ಯಾರು ಎಂಬ ಪ್ರಶ್ನೆ ಅಲ್ಲಿ ಬರಕೂಡದು. ಆ ಪಾಲನ್ನು ಯಾರು ಏನು ಮಾಡಿದರೂ ಇನ್ನೊಬ್ಬರು ಕೇಳುವಂತಿಲ್ಲ, ಹಂಗಿಸುವಂತಿಲ್ಲ. ಕಾರು ಬರುವುದಾದರೆ ಪ್ರಕಾಶ್ ಪಾಲಿನೊಳಗೇ ಬರಬೇಕು, ಇನ್ಶೂರೆನ್ಸು, ಟೈರು, ಸರ್ವಿಸು ಸೇರಿ.

ಈ ಒಂದು ನಿಯಮಕ್ಕೆ ಎಕ್ಸೆಲ್ ಶೀಟಿನ ಅರ್ಧ ತಾನಾಗಿ ಅಳಿಸಿಹೋಯಿತು. ಎಸ್‌ಎಲ್ 55 ನಮ್ಮಲ್ಲಿ 2023ರಲ್ಲಿ ಬಿಡುಗಡೆಯಾದಾಗಲೇ ಎಕ್ಸ್‌ಶೋರೂಂ 2.35 ಕೋಟಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18. ಬರೀ ಅದೇ 42 ಲಕ್ಷ ದಾಟುತ್ತದೆ, ಸೆಸ್ಸು ಬೇರೆ. 911ರ ಹಣೆಬರಹವೂ ಹೆಚ್ಚುಕಡಿಮೆ ಅದೇ. ಉಳಿದದ್ದು 2024ರಲ್ಲಿ 1.10 ಕೋಟಿಗೆ ಬಂದ ಸಿಎಲ್‌ಇ, 2023ರಲ್ಲಿ 89.30 ಲಕ್ಷಕ್ಕೆ ಬಂದ ಝಡ್4.

ಎರಡನೆಯದು, ಕಾರಿಗೂ ಡ್ರೈವರ್ ಕೆಲಸಕ್ಕೂ ಗಂಟು ಹಾಕಬೇಡಿ. ಸುಸ್ತು ಇನ್ನೋವಾದಲ್ಲಿ ಆಗಿದ್ದರೆ ಪರಿಹಾರವೂ ಅಲ್ಲೇ ಆಗಬೇಕು. ಮದುವೆ, ಮುಂಜಿ, ದೂರದ ಊರಿಗೆ ದಿನದ ಲೆಕ್ಕಕ್ಕೆ ಬರುವ ಆ್ಯಕ್ಟಿಂಗ್ ಡ್ರೈವರ್ ಕರೆಸಿ. ಟ್ಯೂಷನ್ನಿಗೆ ವಾರದಲ್ಲಿ ಎರಡು ದಿನ ವೀಣಾ ಬಿಡಲಿ. ಅವರಿಗೆ ಲೈಸೆನ್ಸ್ ಇದೆ, ಅಭ್ಯಾಸ ತಪ್ಪಿದೆ ಅಷ್ಟೆ. ಹೀಗೆ ಮೂರು ತಿಂಗಳು ಕಳೆಯಲಿ, ಆಮೇಲೂ ಕಾರಿನ ಆಸೆ ಉಳಿದಿದ್ದರೆ ಆಗ ಬುಕಿಂಗ್ ಮಾತು. ಆಸೆ ಇಳಿಯುತ್ತದೆ ಎಂಬ ನಿರೀಕ್ಷೆಯಿಂದ ನಾನು ಹಾಗೆ ಹೇಳಲಿಲ್ಲ. ದಣಿವು ಎಷ್ಟು, ಆಸೆ ಎಷ್ಟು ಎಂದು ಬೇರೆ ಬೇರೆಯಾಗಿ ಕಾಣಲಿ ಎಂದಷ್ಟೇ.

ಕೊನೆಯದು, ಟೆಸ್ಟ್ ಡ್ರೈವ್‌ಗೆ ಇಡೀ ಮನೆ ಹೋಗಬೇಕು. ಟಾಪ್ ಮುಚ್ಚಿಯೂ ಕೂತು ನೋಡಬೇಕು, ತೆಗೆದೂ ನೋಡಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು, ಬೀದಿ ತುದಿಯ ಹಂಪು, ಇವೆರಡರ ಮೇಲೂ ಹಾಯಿಸಬೇಕು.

ಈ ಕೊನೆಯ ಸಲಹೆ ನಾನೆಣಿಸದ ಫಲ ಕೊಟ್ಟಿತು. ಸಿಎಲ್‌ಇಯಲ್ಲಿ ನಾಲ್ವರೂ ನಿಜವಾಗಿ ಕೂತರು. ವಿಂಡ್‌ಸ್ಕ್ರೀನಿನ ಮೇಲೆ ಏಳುವ ಪಟ್ಟಿ ಗಾಳಿಯನ್ನು ತಲೆಯ ಮೇಲಿಂದ ದಾಟಿಸುವುದರಿಂದ ಮಗಳ ಕೂದಲಿಗೂ ಅಷ್ಟು ತೊಂದರೆಯಾಗಲಿಲ್ಲ. ಕಾಗದದ ಮೇಲೆ ಅದೇ ಸರಿಯಾದ ಆಯ್ಕೆ. ಆದರೆ ಪ್ರಕಾಶ್ ಮಂಕಾಗಿ ಬಂದರು. "ರಿಂಗ್ ರೋಡ್ ಸೇರೋ ಮುಂಚೆ ಮಗಳು ತನ್ನ ಫೋನ್ ಕನೆಕ್ಟ್ ಮಾಡಿದ್ಲು. ಮಗನಿಗೆ ಬಿಸಿಲು, ಟಾಪ್ ಹಾಕು ಅಂದ. ಇನ್ನೋವಾದ ನೆತ್ತಿ ಕತ್ತರಿಸಿದ ಹಾಗಾಯ್ತು ಮೇಡಂ."

ಆಗ ವೀಣಾ, "ಎರಡು ಸೀಟಿಂದನ್ನೇ ನೋಡ್ರೀ," ಎಂದರು. ಪ್ರಕಾಶ್ ಅವರ ಮುಖವನ್ನೇ ನೋಡಿದರು. "ಅದ್ರಲ್ಲಿ ಸುಳ್ಳಿಲ್ಲ. ಮಕ್ಕಳಿಗೆ ಇನ್ನೋವಾ ಇದೆ, ಅತ್ತೆಗೆ ಇನ್ನೋವಾ ಇದೆ. ಇದು ನಿಮ್ದು. ಪಕ್ಕದ ಸೀಟಲ್ಲಿ ನಾನು ಕೂರ್ಬೇಕು ಅನ್ನಿಸಿದ್ರೆ ಕೂರ್ತೀನಿ, ಇಲ್ಲಾಂದ್ರೆ ಒಬ್ರೇ ಹೋಗಿಬನ್ನಿ. ಆದ್ರೆ ಟೈಮಿಗೆ ಸರಿಯಾಗಿ ತಿಂಡಿಗೆ ವಾಪಸ್ ಬರ್ಬೇಕು."

ಕೆಂಪು ಬಣ್ಣ ಬಳಿದ ಸಾಲು ಹೀಗೆ ಮೇಲೆ ಬಂತು. ಝಡ್4 ನೋಡಲು ಅಜ್ಜಿಯೂ ಹಟ ಮಾಡಿ ಹೊರಟಿದ್ದರಂತೆ. ಸೀಟು ನೆಲಕ್ಕೆ ಅಷ್ಟು ಹತ್ತಿರ, ಕೂತದ್ದಾಯಿತು, ಏಳಲಾಗಲಿಲ್ಲ. ಸೇಲ್ಸ್ ಹುಡುಗ, ಮೊಮ್ಮಗಳು ಆಚೀಚೆ ಹಿಡಿದು ಎಬ್ಬಿಸಿದರಂತೆ. "ನನ್ನನ್ನ ಇದ್ರಲ್ಲಿ ಕೂರ್ಸಲ್ಲ ಅಂತ ಬರ್ಕೊಡು, ಆಮೇಲೆ ಏನಾದ್ರೂ ತಗೋ," ಎಂದರಂತೆ.

ಮೂರು ತಿಂಗಳು ಇನ್ನೂ ಮುಗಿದಿಲ್ಲ. ಆ್ಯಕ್ಟಿಂಗ್ ಡ್ರೈವರ್ ಬರತೊಡಗಿದ್ದಾನೆ. ಹಾಸನದ ಒಂದು ಮದುವೆಯಲ್ಲಿ ಪ್ರಕಾಶ್ ಧಾರೆಗೆ ಮುಂಚೆಯೇ ಛತ್ರದೊಳಗಿದ್ದರು. ಕಾರಿನ ಆಸೆ ಒಂದಿಷ್ಟೂ ಕಮ್ಮಿಯಾಗಿಲ್ಲ, ಸೆಕೆಂಡ್‌ಹ್ಯಾಂಡ್ ಝಡ್4 ಸಿಕ್ಕರೂ ಆದೀತು ಎನ್ನುವಲ್ಲಿಗೆ ಇಳಿದಿದ್ದಾರೆ. ಎರಡೂ ಖಾತೆಗೆ ಹಣ ಜಮಾ ಆಗಿದೆ. ವೀಣಾ ತಮ್ಮ ಪಾಲನ್ನು ಏನು ಮಾಡುತ್ತಾರೋ ಇನ್ನೂ ಹೇಳಿಲ್ಲ. ಪ್ರಕಾಶ್ ಒಮ್ಮೆ ನನ್ನ ಎದುರಿಗೇ ಕೇಳಲು ಹೋಗಿ, ಷರತ್ತು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದರು.