ಆಟದಂಗಳ: ತೀರ್ಥಹಳ್ಳಿಯ ಅಜ್ಜನ ಪತ್ರ, ಕೆನಡಾದ ಮೊಮ್ಮಗನ ಆಟ

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಮಗಳು, ಅಳಿಯ ಕೆನಡಾದ ಒಂಟಾರಿಯೊದಲ್ಲಿದ್ದಾರೆ. ಮೊಮ್ಮಗನಿಗೆ 16 ವರ್ಷ. ಐದನೇ ವಯಸ್ಸಿನಿಂದ ಐಸ್ ಹಾಕಿ ಆಡುತ್ತಿದ್ದಾನೆ, ಡಿಫೆಂಡರ್ ಅಂತೆ. ಈಗ ಅಲ್ಲಿಯ ದೊಡ್ಡ ಜೂನಿಯರ್ ಲೀಗಿನ ತಂಡವೊಂದು ಅವನನ್ನು ಆರಿಸಿಕೊಂಡಿದೆ. ಆ ಊರು ಮನೆಯಿಂದ 400 ಕಿಲೋಮೀಟರ್ ದೂರ. ಅದೇ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರ ಕೋಚ್ ಕೂಡ ಕರೆಯುತ್ತಿದ್ದಾರೆ. ಲೀಗಿನಲ್ಲಿ ಒಂದೇ ಒಂದು ಪಂದ್ಯ ಆಡಿದರೂ ಕಾಲೇಜಿನ ಬಾಗಿಲು ಮುಚ್ಚಿತು ಎನ್ನುತ್ತಾರೆ ಅಳಿಯ. ಹುಡುಗ ಲೀಗಿಗೇ ಹೋಗುತ್ತೇನೆಂದು ಹಟ ಹಿಡಿದು ಕೂತಿದ್ದಾನೆ. ಮಗಳು ಫೋನಿನಲ್ಲಿ ಅಳುತ್ತಾಳೆ. ನನಗೆ ಈ ಆಟದ ತಲೆಬುಡ ಗೊತ್ತಿಲ್ಲ. ನಾನೇನು ಹೇಳಲಿ?
(ಒಬ್ಬ ಅಜ್ಜ, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಹಿರಿಯರೇ, ಇವತ್ತೇ ಅಳಿಯಂದಿರಿಗೆ ಫೋನ್ ಮಾಡಿ. ಅವರು ಹೇಳುತ್ತಿರುವುದು ಸುಳ್ಳಲ್ಲ, ಆದರೆ ಹಳೆಯ ಮಾತು. ಒಂಟಾರಿಯೊ, ಪಶ್ಚಿಮ ಕೆನಡಾ, ಕ್ವಿಬೆಕ್ ಈ ಮೂರು ಕಡೆಯ ಜೂನಿಯರ್ ಲೀಗುಗಳು ಸೇರಿ ಸಿಎಚ್‌ಎಲ್ ಎಂಬ ಒಕ್ಕೂಟವಾಗಿದೆ. ಅಲ್ಲಿ ಆಡುವ ಹುಡುಗರಿಗೆ ಕೈಖರ್ಚಿಗೆಂದು ಸ್ವಲ್ಪ ಹಣ ಕೊಡುತ್ತಾರೆ. ವೃತ್ತಿಪರ ತಂಡಗಳ ಜೊತೆ ಆಗಲೇ ಒಪ್ಪಂದ ಮಾಡಿಕೊಂಡವರೂ ಅವರೊಂದಿಗೆ ಆಡುತ್ತಾರೆ. ಹಾಗಾಗಿ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಈ ಹುಡುಗರನ್ನೂ ವೃತ್ತಿಪರರೆಂದೇ ಎಣಿಸಿ ಬಹಳ ವರ್ಷ ಹೊರಗಿಟ್ಟಿತ್ತು. 2024ರ ನವೆಂಬರಿನಲ್ಲಿ ಅದು ತನ್ನ ನಿಯಮ ಬದಲಿಸಿತು. 2025ರ ಆಗಸ್ಟ್ 1ರಿಂದ ಹೊಸ ನಿಯಮ ಜಾರಿಯಲ್ಲಿದೆ. ಈಗ ಲೀಗಿನಲ್ಲಿ ಆಡಿ ಆಮೇಲೆ ಕಾಲೇಜು ಸೇರಬಹುದು.

ಅಳಿಯಂದಿರ ಭಯ ಎಲ್ಲಿಂದ ಬಂತು ಎಂಬುದೂ ನನಗೆ ತಿಳಿಯುತ್ತದೆ. ಕೇಲ್ ಮಕಾರ್ ಎಂಬ ಆಟಗಾರನ ಹೆಸರನ್ನು ಮೊಮ್ಮಗನ ಬಾಯಲ್ಲಿ ನೀವು ಕೇಳಿರಬಹುದು, ಅವನೂ ಡಿಫೆಂಡರ್. ಕ್ಯಾಲ್ಗರಿಯ ಆ ಹುಡುಗ ಕಾಲೇಜಿನ ಅರ್ಹತೆ ಕಳೆದುಕೊಳ್ಳಬಾರದೆಂದು ಸಿಎಚ್‌ಎಲ್ ಕಡೆಗೆ ಹೋಗದೆ, ಅದಕ್ಕಿಂತ ಚಿಕ್ಕದಾದ ಆಲ್ಬರ್ಟಾದ ಲೀಗಿನಲ್ಲಿ ಆಡಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಸೇರಿದ. 2017ರಲ್ಲಿ, ಎನ್‌ಎಚ್‌ಎಲ್ ಎಂಬ ಅಲ್ಲಿಯ ಅತಿ ದೊಡ್ಡ ವೃತ್ತಿಪರ ಲೀಗಿನ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ನಾಲ್ಕನೆಯವನಾಗಿ ಆಯ್ಕೆಯಾದ, 2019ರಲ್ಲಿ ಕಾಲೇಜು ಹಾಕಿಯ ಅತಿ ದೊಡ್ಡ ಪ್ರಶಸ್ತಿ ಪಡೆದ. ಅವನ ಕಾಲದಲ್ಲಿ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಲೇಬೇಕಿತ್ತು. ಈಗ ನೋಡಿ, ಪಶ್ಚಿಮದ ಲೀಗಿನಲ್ಲಿ ಮೆಡಿಸಿನ್ ಹ್ಯಾಟ್ ತಂಡಕ್ಕೆ ಆಡುತ್ತಿದ್ದ ಗ್ಯಾವಿನ್ ಮೆಕೆನಾ 2025ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ.

ಇನ್ನೊಂದು ಮಾತು. ಇದನ್ನು ನಿಮ್ಮ ಮನೆಯವರು ಯಾರೂ ಗಮನಿಸಿದಂತೆ ಕಾಣುವುದಿಲ್ಲ. ಹುಡುಗನಿಗೆ 16. ನಾಳೆಯೇ ಅವನು ಕಾಲೇಜು ಸೇರಲಾರ. ಕಾಲೇಜು ತಂಡಗಳಲ್ಲಿ ಮೊದಲ ವರ್ಷದವರೇ ಎಷ್ಟೋ ಜನ 19, 20 ವರ್ಷದವರು. ಹಾಗಾದರೆ ಮಧ್ಯದ ಈ ಎರಡು, ಮೂರು ವರ್ಷ ಅವನು ಎಲ್ಲಿಯಾದರೂ ಆಡಲೇಬೇಕಲ್ಲ? ಈಗ ತೀರ್ಮಾನಿಸಬೇಕಾಗಿರುವುದು ಅಷ್ಟೇ. ಸಿಎಚ್‌ಎಲ್ ತಂಡದಲ್ಲಿ ಆಡುವುದೋ, ಮನೆಯ ಹತ್ತಿರದ ಚಿಕ್ಕ ಜೂನಿಯರ್ ಲೀಗಿನಲ್ಲಿ ಆಡುವುದೋ ಎಂಬುದು. ಆ ಕೋಚ್ ಕೊಟ್ಟಿರುವುದು ಬಾಯಿಮಾತು. ಅಲ್ಲಿಯ ನಿಯಮದಲ್ಲಿ ಬಾಯಿಮಾತಿಗೆ ಹುಡುಗನೂ ಬದ್ಧನಲ್ಲ, ಕಾಲೇಜೂ ಬದ್ಧವಲ್ಲ. ಎರಡು ವರ್ಷದಲ್ಲಿ ಕೋಚ್ ಬೇರೆ ಕಡೆ ಹೋದರೆ ಆ ಮಾತೂ ಅವರ ಜೊತೆಗೇ ಹೋಗುತ್ತದೆ.

ಬಾಗಿಲು ತೆರೆದಿದೆ ಎಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಮೂರು ಲೀಗುಗಳ ಸುಮಾರು 60 ತಂಡಗಳ ಹುಡುಗರೆಲ್ಲ ಈಗ ಅದೇ ಕಾಲೇಜು ಜಾಗಗಳತ್ತ ನೋಡುತ್ತಿದ್ದಾರೆ. ಮೊದಲು ಚಿಕ್ಕ ಲೀಗಿನ ಹುಡುಗನಿಗೆ ಸಿಗುತ್ತಿದ್ದ ಜಾಗಕ್ಕೆ ಈಗ ದೊಡ್ಡ ಲೀಗಿನಲ್ಲಿ ಮೂರು ವರ್ಷ ಪಳಗಿದವನು ಬಂದು ನಿಲ್ಲುತ್ತಾನೆ. ಎನ್‌ಎಚ್‌ಎಲ್‌ನ ಲೆಕ್ಕವನ್ನೂ ಹುಡುಗನ ಮುಂದೆ ಇಡಿ. ಅಲ್ಲಿ 32 ತಂಡ, ತಂಡಕ್ಕೆ ಹೆಚ್ಚೆಂದರೆ 23 ಆಟಗಾರರು. ಜಗತ್ತಿಗೆಲ್ಲ ಸೇರಿ 736 ಜಾಗ, ಅದರಲ್ಲೂ ಎಷ್ಟೋ ಜನ ಹತ್ತಾರು ವರ್ಷ ಜಾಗ ಬಿಡುವುದಿಲ್ಲ. ಅವನ ಆಸೆ ಚಿವುಟಲು ಇದನ್ನು ಹೇಳುತ್ತಿಲ್ಲ. ಆಟದ ಜೊತೆಗೆ ಓದಿಗೂ ವ್ಯವಸ್ಥೆ ಮಾಡಿಕೊಂಡು ಹೋಗಬೇಕು ಎಂದು ಹೇಳುತ್ತಿದ್ದೇನೆ.

ಈ ಆಟವನ್ನು ನಾನು ಟಿವಿಯಲ್ಲಷ್ಟೇ ನೋಡಿದವಳಲ್ಲ. ನಿವೃತ್ತಿಯಾದ ವರ್ಷ ಅಕ್ಕನ ಮಗಳ ಮನೆಗೆಂದು ಒಂಟಾರಿಯೊಗೆ ಹೋಗಿ ಒಂದು ಚಳಿಗಾಲ ಅಲ್ಲಿದ್ದೆ. ಬೆಳಗಿನ ಐದೂವರೆಗೆ ಅವಳ ಮಗನ ಜೊತೆ ಹಿಮದಂಗಣಕ್ಕೆ ಹೋಗುತ್ತಿದ್ದೆ. ಅವಳು ಸಿಮೆಂಟು ನೆಲದ ಮೇಲೆ ಮಂಡಿಯೂರಿ ಅವನ ಸ್ಕೇಟಿನ ದಾರ ಬಿಗಿಯುತ್ತಿದ್ದಳು. ಕೆಳಗಿನ ತೂತಿನಿಂದ ಶುರುಮಾಡಿ ಪ್ರತಿ ಸುತ್ತಿಗೂ ಬೆರಳಿಗೆ ದಾರ ಸುತ್ತಿಕೊಂಡು ಜಗ್ಗುವುದು. ಎಂಟನೇ ಸುತ್ತಿಗೆ ಬರುವಷ್ಟರಲ್ಲಿ ಅವಳ ತೋರುಬೆರಳಿನ ಗೆಣ್ಣಿನ ಮೇಲೆ ಕೆಂಪು ಗೆರೆ ಎದ್ದಿರುತ್ತಿತ್ತು. ಒಂದು ಸುತ್ತು ಸಡಿಲಾದರೂ ಪಾದ ಒಳಗೇ ಹೊರಳುತ್ತದಂತೆ. ಚೀಲ ತೆರೆದರೆ ಒದ್ದೆ ಗ್ಲೌಸಿನ ವಾಸನೆ. ಆಷಾಢದಲ್ಲಿ ನಮ್ಮ ಮನೆಗಳ ಬಚ್ಚಲೊಲೆಯ ಮೇಲೆ ಹರವಿದ ಯೂನಿಫಾರ್ಮಿನದೇ ವಾಸನೆ ಅದು. ಅಷ್ಟು ದೂರದಲ್ಲಿ ಅದು ಮೂಗಿಗೆ ಬಡಿದಾಗ ನನಗೆ ಕಣ್ಣು ತುಂಬಿ ಬಂತು. ನಿಮ್ಮ ಮಗಳು ಹನ್ನೊಂದು ವರ್ಷ ಹೀಗೆ ದಾರ ಬಿಗಿದಿದ್ದಾಳೆ. ಈಗ ಆ ಕೆಲಸ 400 ಕಿಲೋಮೀಟರ್ ಆಚೆಗೆ ಹೋಗುತ್ತಿದೆ. ಅವಳು ಅಳುತ್ತಿರುವುದು ಲೀಗಿನ ವಿಚಾರಕ್ಕಲ್ಲ ಎಂದು ನನಗೆ ಅನಿಸುತ್ತದೆ.

ಲೀಗಿನ ಬದುಕು ಹೇಗಿರುತ್ತದೆ ಎಂದು ತಿಳಿದುಕೊಳ್ಳಿ. ಹುಡುಗರನ್ನು ಆ ಊರಿನದೇ ಒಂದು ಸಂಸಾರದ ಮನೆಯಲ್ಲಿ ಇರಿಸುತ್ತಾರೆ. ಊಟ, ಮಲಗುವ ಕೋಣೆ ಎಲ್ಲ ಅಲ್ಲೇ. ಹಿಂದೆ ನಮ್ಮಲ್ಲಿ ದೂರದ ಹಳ್ಳಿಯ ಮಕ್ಕಳು ಪೇಟೆಯ ನೆಂಟರ ಮನೆಯಲ್ಲಿದ್ದು ಓದುತ್ತಿದ್ದರಲ್ಲ, ಹಾಗೆ. ಶಾಲೆ ಬಿಡುವ ಪ್ರಶ್ನೆಯಿಲ್ಲ, ಅದೇ ಊರಿನ ಪ್ರೌಢಶಾಲೆಗೆ ಸೇರಿಸುತ್ತಾರೆ. ಆದರೆ ಒಂಟಾರಿಯೊ ಲೀಗಿನಲ್ಲಿ ಒಂದು ಋತುವಿಗೆ 68 ಪಂದ್ಯ, ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಕೆಲವು ವಾರ ಮೂರು ದಿನಕ್ಕೆ ಮೂರು ಪಂದ್ಯ. ಪ್ರಯಾಣವೆಲ್ಲ ಬಸ್ಸಿನಲ್ಲಿ. ಕೆಲವು ಊರುಗಳ ನಡುವೆ ಶಿವಮೊಗ್ಗ–ಬೆಂಗಳೂರಿನ ಎರಡು ಪಟ್ಟಿಗಿಂತ ಹೆಚ್ಚು ದೂರ. ಕಾಲೇಜಿನಲ್ಲಿ ಇದರ ಅರ್ಧದಷ್ಟೇ ಪಂದ್ಯ, ಹೆಚ್ಚಿನವು ಶುಕ್ರವಾರ, ಶನಿವಾರ. ವಾರದ ಉಳಿದ ದಿನ ಪಾಠ, ಅಭ್ಯಾಸ, ಜಿಮ್. ಮೈ ಇನ್ನೂ ಬೆಳೆಯುತ್ತಿರುವ ಹುಡುಗನಿಗೆ ಆ ಬಿಡುವು ದೊಡ್ಡದು. ನಿಮ್ಮ ಮೊಮ್ಮಗ ತೆಳ್ಳಗೆ, ಸಣ್ಣಗೆ ಇದ್ದರೆ ಒಂದು ವರ್ಷ ಮನೆಯಲ್ಲೇ ಇದ್ದು ಆಡಲಿ. 20ರ ಹುಡುಗರು ಬಂದು ಗುದ್ದುವ ಆಟ ಅದು.

ನನ್ನ ಕತೆ ಒಂದನ್ನು ಹೇಳಬೇಕು. 1984, ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಆಗ ಕುವೆಂಪು ವಿಶ್ವವಿದ್ಯಾಲಯ ಇನ್ನೂ ಹುಟ್ಟಿರಲಿಲ್ಲ, ಪರೀಕ್ಷೆಗಳೆಲ್ಲ ಮೈಸೂರು ವಿಶ್ವವಿದ್ಯಾಲಯದವು. ಪರೀಕ್ಷೆಯ ಹೊತ್ತಿಗೇ ಹಾಕಿ ಶಿಬಿರಕ್ಕೆ ಕರೆ ಬಂತು. ಶಿಬಿರ ನಡೆಸುತ್ತಿದ್ದವರು, "ನೀನು ಬಾ, ಹಾಜರಾತಿ, ಪರೀಕ್ಷೆ ಎಲ್ಲ ನಾವು ನೋಡಿಕೊಳ್ಳುತ್ತೇವೆ" ಎಂದರು. ನಂಬಿ ಹೋದೆ. ಒಂಬತ್ತನೇ ದಿನ, ಮಳೆ ಬಿದ್ದು ಜಾರುತ್ತಿದ್ದ ಕೆಮ್ಮಣ್ಣಿನ ಅಂಗಳದಲ್ಲಿ ಬಲಗಾಲು ಒಂದು ಕಡೆ, ಮೈ ಒಂದು ಕಡೆ ತಿರುಗಿತು. ಮಂಡಿಯೊಳಗೆ ಹಸಿ ಕಡ್ಡಿ ಮುರಿದಂಥ ಸದ್ದು. ಕುಂಟುತ್ತಾ ಊರಿಗೆ ಬಂದೆ. ಆಡದವಳಿಗೆ ಪ್ರಮಾಣಪತ್ರ ಇಲ್ಲ ಎಂದರು ಅಲ್ಲಿ. ಹಾಜರಾತಿ ಇಲ್ಲದವಳಿಗೆ ಪರೀಕ್ಷೆ ಇಲ್ಲ ಎಂದರು ಇಲ್ಲಿ. ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಮರುವರ್ಷ ಅದೇ ತರಗತಿಯಲ್ಲಿ ಕೂತು ಪಾಸಾದೆ, ಆಮೇಲೆ ಬಿ.ಪಿ.ಎಡ್. ಮಾಡಿ ಶಾಲೆ ಸೇರಿದೆ. ಶಿಬಿರಕ್ಕೆ ಹೋದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಒಂದು ಪತ್ರ ಕೇಳಿ ಪಡೆಯಲಿಲ್ಲವಲ್ಲ ಎಂಬ ಸಂಕಟ ಮಾತ್ರ ಇನ್ನೂ ಇದೆ.

ಆದ್ದರಿಂದ ನಿಮ್ಮ ಮಗಳು ಆ ತಂಡದವರಿಂದ ಕಾಗದದಲ್ಲಿ ಬರೆಸಿಕೊಳ್ಳಲಿ. ಸಿಎಚ್‌ಎಲ್ ತಂಡಗಳು ಹುಡುಗ ಆಡಿದ ಒಂದೊಂದು ಋತುವಿಗೆ ಮುಂದೆ ಒಂದೊಂದು ವರ್ಷದ ಉನ್ನತ ಶಿಕ್ಷಣದ ಶುಲ್ಕ ಕೊಡುವ ಪದ್ಧತಿ ಇದೆ. ಇದು ಸಣ್ಣ ವಿಷಯವಲ್ಲ. ಆದರೆ ಅದಕ್ಕೆ ಷರತ್ತುಗಳಿವೆ. ಎಷ್ಟು ಕಾಲದೊಳಗೆ ಕಾಲೇಜು ಸೇರಬೇಕು, ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದರೆ ಏನಾಗುತ್ತದೆ, ಪೆಟ್ಟಾಗಿ ಆಟ ನಿಂತರೆ ಹಣ ಬರುತ್ತದೆಯೋ ಇಲ್ಲವೋ, ಇಷ್ಟನ್ನೂ ಓದಿಯೇ ಸಹಿ ಹಾಕಬೇಕು. ತಲೆಗೆ ಪೆಟ್ಟು ಬಿದ್ದರೆ ಮತ್ತೆ ಯಾವಾಗ ಆಡಬೇಕೆಂದು ಹೇಳುವವರು ವೈದ್ಯರೋ ಕೋಚೋ ಎಂದು ಕೇಳಲಿ. ತಂಡದಲ್ಲಿ ಡಿಫೆಂಡರ್‌ಗಳು ಈಗಾಗಲೇ ಎಷ್ಟು ಜನ, ಇವನು ನಿಜವಾಗಿ ಆಡುತ್ತಾನೋ ಬೆಂಚಿನ ಮೇಲೆ ಕೂರುತ್ತಾನೋ ಎಂದೂ ಕೇಳಲಿ. ಕೂರಿಸುವುದಾದರೆ ಬೇಡ. 16ನೇ ವಯಸ್ಸಿನಲ್ಲಿ ಆಡದೆ ಕಳೆದ ವರ್ಷ ಮರಳಿ ಬರುವುದಿಲ್ಲ.

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕಿದರೆ, ನನ್ನನ್ನು ಕೇಳುವುದಾದರೆ, ಹುಡುಗ ಲೀಗಿಗೆ ಹೋಗಲಿ. ಅಂಕಪಟ್ಟಿ ಚೆನ್ನಾಗಿರಲಿ ಎಂಬ ಮಾತನ್ನು ಅವನಿಂದ ನೀವೇ ಪಡೆಯಿರಿ, ಅಜ್ಜನಿಗೆ ಕೊಟ್ಟ ಮಾತು ಬೇರೆಯೇ. ಫೋನಿನಲ್ಲಿ ಯಾವ ಕಡೆ ಹೋಗುತ್ತೀಯಾ ಎಂದು ಮಾತ್ರ ಕೇಳಬೇಡಿ, ಈಗ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ. ಕಳೆದ ಪಂದ್ಯದಲ್ಲಿ ಏನು ಮಾಡಿದೆ, ತೋರಿಸು ಎನ್ನಿ. ಮಗಳನ್ನು ಪಿಯುಸಿಗೆ ಹಾಸ್ಟೆಲಿಗೆ ಬಿಟ್ಟುಬಂದ ದಿನ ನೀವು ಹೇಗಿದ್ದಿರಿ ಎಂಬುದು ನೆನಪಿದ್ದರೆ, ಅದನ್ನು ಅವಳಿಗೆ ಹೇಳಿ.

ಪ್ರಶ್ನೆ: ಟೀಚರ್, ನಾನು ಸಾಗರದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಹಾಕಿಯಲ್ಲಿ ಜಿಲ್ಲಾ ತಂಡಕ್ಕೆ ಆಡಿದ್ದೇನೆ. ಕ್ರೀಡಾ ಹಾಸ್ಟೆಲ್ ಆಯ್ಕೆಗೆ ಹೋಗು ಎನ್ನುತ್ತಾರೆ ಕೋಚ್. ಪರೀಕ್ಷೆ ಮುಗಿಯಲಿ ಎನ್ನುತ್ತಾರೆ ಅಪ್ಪ. ಯಾರ ಮಾತು ಕೇಳಲಿ?
(ವಿದ್ಯಾರ್ಥಿನಿ, ಸಾಗರ)

ಉತ್ತರ: ಇಬ್ಬರದೂ ಕೇಳು ಮಗಳೇ. ಆಯ್ಕೆಗೆ ಹೋಗುವುದು ಒಂದೆರಡು ದಿನದ ಕೆಲಸ, ಸೇರುವುದು ಪರೀಕ್ಷೆ ಮುಗಿದ ಮೇಲೆ. ಪಿಯುಸಿಗೆ ಶೇಕಡ 75 ಹಾಜರಾತಿ ಬೇಕೇ ಬೇಕು. ಹೋಗುವ ಮೊದಲು ಪ್ರಾಂಶುಪಾಲರಿಗೆ ಅರ್ಜಿ ಬರೆದು, ಅದರ ಪ್ರತಿಗೆ ಸಹಿ ಹಾಕಿಸಿಕೊಂಡು ಇಟ್ಟುಕೋ. ಪದವಿಗೆ ಬಂದ ಮೇಲೆ ವಿಶ್ವವಿದ್ಯಾಲಯದ ತಂಡಕ್ಕೆ ಪ್ರಯತ್ನ ಮಾಡು. ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಆಡಿದವರು ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಕೆಲಸಗಳಿಗೆ ಅರ್ಜಿ ಹಾಕಬಹುದು. ನಿನ್ನಪ್ಪನಿಗೆ ಈ ಮಾತು ತೋರಿಸು, ಅವರ ಮುಖ ಸಡಿಲವಾಗುತ್ತದೆ.

ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಬ್ಬಿಣದ ಪೆಟ್ಟಿಗೆಯಲ್ಲಿಡು. ನಮ್ಮ ಮಳೆಗೆ ಗೋಡೆ ಕಪಾಟಿನಲ್ಲಿಟ್ಟ ಕಾಗದವೆಲ್ಲ ಬೂಷ್ಟು ಹಿಡಿಯುತ್ತದೆ. ಅಂದಹಾಗೆ, ಜಿಲ್ಲಾ ತಂಡಕ್ಕೆ ಆಡಿದ್ದೇನೆ ಎಂದು ಬರೆದಿದ್ದೀಯೆ, ಅದರ ಪ್ರಮಾಣಪತ್ರ ಕೈಗೆ ಬಂದಿದೆಯೇ ಎಂದು ಬರೆದಿಲ್ಲ. ಬಂದಿಲ್ಲವಾದರೆ ನಾಳೆಯೇ ಹೋಗಿ ಕೇಳು.