ಅಮೆರಿಕ ಖಂಡಗಳಲ್ಲಿ ಮೊದಲ ಆಪೆರಾ ಎಲ್ಲಿ ನಡೆಯಿತು?

ನ್ಯೂಯಾರ್ಕ್‌ನಲ್ಲಲ್ಲ, ಪೆರುವಿನ ಲಿಮಾದಲ್ಲಿ. ಆಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಅಲ್ಲಿ ನಡೆದ, ನಮಗೆ ಗೊತ್ತಿರುವ ಮೊದಲ ಆಪೆರಾ 1701ರ 'ಲಾ ಪುರ್ಪುರಾ ದೆ ಲಾ ರೋಸಾ'. ಆಗ ಪೆರು ಸ್ಪೇನಿನ ಕೈಯಲ್ಲಿತ್ತು. ಹೊಸ ದೊರೆ ಐದನೇ ಫೆಲಿಪೆಯ 18ನೇ ಹುಟ್ಟುಹಬ್ಬದ ನೆಪದಲ್ಲಿ ವೈಸರಾಯ್ ಇದನ್ನು ಆಡಿಸಿದ. ಸಾಹಿತ್ಯ ಸ್ಪೇನಿನ ನಾಟಕಕಾರ ಕಾಲ್ದೆರಾನ್‌ದು, ಸುಮಾರು 40 ವರ್ಷ ಹಳೆಯದು. ಸಂಗೀತ ಮಾತ್ರ ಹೊಸದು. ಅದನ್ನು ಕಟ್ಟಿದವನು ಲಿಮಾ ಕೆಥೆಡ್ರಲ್‌ನ ಸಂಗೀತ ಮುಖ್ಯಸ್ಥ ತೊರ್ರೆಹೋನ್.

ಕಥೆ ಪ್ರೇಮದೇವತೆ ವೀನಸ್ ಮತ್ತು ಚೆಲುವ ಯುವಕ ಅಡೋನಿಸ್‌ರ ಪ್ರೇಮ. ಕಾಡುಹಂದಿ ತಿವಿದು ಅಡೋನಿಸ್ ಸಾಯುತ್ತಾನೆ, ಅವನ ರಕ್ತ ತಾಗಿ ಗುಲಾಬಿ ಕೆಂಪಾಗುತ್ತದೆ. ಸ್ಪೇನಿನ ರೂಢಿಯಲ್ಲಿ ಗಂಡು ಪಾತ್ರಗಳನ್ನೂ ಜಾಸ್ತಿ ಹೆಂಗಸರೇ ಹಾಡುತ್ತಿದ್ದರು.

1711ರಲ್ಲಿ ಮೆಕ್ಸಿಕೋ ನಗರದಲ್ಲಿ 'ಪಾರ್ತೇನೊಪೆ' ಎಂಬ ಆಪೆರಾ ಬಂತು. ಅದರ ಸಂಗೀತಗಾರ ಸುಮಾಯಾ ಮೆಕ್ಸಿಕೋದಲ್ಲೇ ಹುಟ್ಟಿದವನು. ಆ ಸಂಗೀತ ಪೂರ್ತಿ ಕಳೆದುಹೋಗಿದೆ, ಎಂಥ ನಷ್ಟ ಅಲ್ವಾ! ಪುಣ್ಯಕ್ಕೆ ಲಿಮಾದ ಹಸ್ತಪ್ರತಿ ಉಳಿದಿದೆ, ಅದನ್ನು ಈಗಲೂ ಹಾಡುತ್ತಾರೆ.